ಕಾರ್ಬನ್ ಮಾರುಕಟ್ಟೆ ತರಬೇತಿಗೆ 85 ಸಾವಿರ ಕೊಡಬಹುದಾ?

ದುರ್ಗದವನು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಾನು ಸಿಎ ಮುಗಿಸಿ ಹತ್ತು ವರ್ಷ ಆಯಿತು. ಈಗ ಬೆಂಗಳೂರಿನ ಒಂದು ಡೆಟ್ ಫಂಡಿನಲ್ಲಿ ಕೆಲಸ. ಸಿಮೆಂಟ್, ಉಕ್ಕು, ವಿದ್ಯುತ್ ಕಂಪನಿಗಳ ಬಾಂಡ್ ಕೊಳ್ಳುವ ಮೊದಲು ಅವರ ಲೆಕ್ಕ ಜಾಲಾಡುವುದು ನನ್ನ ಪಾಲಿನ ಕೆಲಸ. ಬಡ್ಡಿ ಸರಿಯಾಗಿ ಕಟ್ಟುತ್ತಾರಾ, ಅಸಲು ವಾಪಸ್ ಬರುತ್ತಾ, ಇಷ್ಟು ಗೊತ್ತಾದರೆ ಮೊದಲೆಲ್ಲ ಸಾಕಿತ್ತು. ಎರಡು ವರ್ಷದಿಂದ ನಮ್ಮಲ್ಲಿ ಹಣ ಇಟ್ಟವರು ಬೇರೆ ಥರದ ಪ್ರಶ್ನೆ ಕೇಳುತ್ತಿದ್ದಾರೆ. ನಿಮ್ಮ ಫಂಡಿನ ಪಾಲಿಗೆ ಎಷ್ಟು ಟನ್ ಕಾರ್ಬನ್ ಬರುತ್ತದೆ? ನೆಟ್ ಝೀರೋ, ಅಂದರೆ ಬಿಟ್ಟ ಹೊಗೆಯನ್ನೆಲ್ಲ ಸರಿದೂಗಿಸಿದ ಸ್ಥಿತಿ, ಅದರ ಕಡೆಗೆ ಹೇಗೆ ಹೋಗುತ್ತೀರಿ? ಕಳೆದ ತಿಂಗಳು ಯುರೋಪಿನ ಒಂದು ಪೆನ್ಷನ್ ಸಂಸ್ಥೆ 40 ಪ್ರಶ್ನೆಗಳ ಹಾಳೆ ಕಳಿಸಿತು. ಅದರಲ್ಲಿ 11 ಪ್ರಶ್ನೆಗೆ ನನ್ನ ಹತ್ತಿರ ಉತ್ತರವೇ ಇರಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ.

ಈಗ ಆಫೀಸಿನವರು ಮೂರು ದಿನದ ತರಬೇತಿಗೆ ಹೋಗಿ ಬಾ ಅನ್ನುತ್ತಿದ್ದಾರೆ. ಹೂಡಿಕೆದಾರರಿಗಾಗಿ ಅಂತರರಾಷ್ಟ್ರೀಯ ಕಾರ್ಬನ್ ಮಾರುಕಟ್ಟೆ ಮತ್ತು ನೆಟ್ ಝೀರೋ ಕುರಿತ ತರಬೇತಿ ಅದು. ಶುಲ್ಕ 85 ಸಾವಿರ. ಅರ್ಧ ಅವರು ಕೊಡುತ್ತಾರೆ, ಅರ್ಧ ನಾನು ಹಾಕಬೇಕು. ಮೊದಲ ದಿನ ಪ್ಯಾರಿಸ್ ಒಪ್ಪಂದ, ಎರಡನೇ ದಿನ ಮಾರುಕಟ್ಟೆಗಳು, ಮೂರನೇ ದಿನ ಪೋರ್ಟ್‌ಫೋಲಿಯೋ ಅಂತ ಕಾಗದದಲ್ಲಿದೆ. ಅದಕ್ಕಿಂತ ಹೆಚ್ಚು ವಿವರ ಇಲ್ಲ.

ಇನ್ನೊಂದು ವಿಷಯ. ನಮ್ಮದು ಚಿತ್ರದುರ್ಗ. ಬೆಟ್ಟದ ಸಾಲಿನಲ್ಲಿ ಗಾಳಿಯಂತ್ರ ಬಂದಾಗ ನಾನಿನ್ನೂ ಹೈಸ್ಕೂಲು. ನಮ್ಮ ಸೋದರಮಾವ ಆಗ ಒಂದು ಮಾತು ಹೇಳಿದ್ದರು: "ಇವರು ಕರೆಂಟನ್ನ ಒಂದು ಕಡೆ ಮಾರ್ತಾರೆ, ಬಾರದೇ ಇರೋ ಹೊಗೆನ ಇನ್ನೊಂದು ಕಡೆ ಮಾರ್ತಾರೆ ಕಣೋ." ಬಾರದ ಹೊಗೆಯನ್ನು ಯಾರು ಕೊಳ್ಳುತ್ತಾರೆ, ಯಾಕೆ ಕೊಳ್ಳುತ್ತಾರೆ ಅಂತ ಆಗ ಅರ್ಥ ಆಗಿರಲಿಲ್ಲ. ನಿಜ ಹೇಳಬೇಕೆಂದರೆ ಈಗಲೂ ಪೂರ್ತಿ ಅರ್ಥ ಆಗಿಲ್ಲ. ಅದು ಅರ್ಥವಾಗದೆ ಫಂಡಿನ ವರದಿಗೆ ಸಹಿ ಹಾಕಲು ಮನಸ್ಸು ಒಪ್ಪುತ್ತಿಲ್ಲ.

ಈ ಕ್ಷೇತ್ರದಲ್ಲಿ ಇರುವವರು ಹೇಳಿ. ಇಂಥ ತರಬೇತಿಯಿಂದ ಉಪಯೋಗ ಇದೆಯಾ? ಇದ್ದರೆ, ಒಳ್ಳೆಯದು ಯಾವುದು ಅಂತ ಮೊದಲೇ ಗುರುತು ಹಿಡಿಯುವುದು ಹೇಗೆ?

ಎಕ್ಸೆಲ್ ಅಣ್ಣ:

ಸರ್, ನಾನು ಗಾರ್ಪ್ ಸಂಸ್ಥೆಯ ಎಸ್‌ಸಿಆರ್ ಪರೀಕ್ಷೆ ಪಾಸು ಮಾಡಿದ್ದೇನೆ. ಹವಾಮಾನದಿಂದ ಬರುವ ರಿಸ್ಕ್ ತಿಳಿಯಲು ಅದು ಚೆನ್ನಾಗಿದೆ. ಆದರೆ ಕಾರ್ಬನ್ ಮಾರುಕಟ್ಟೆಯ ಭಾಗ ಅದರಲ್ಲಿ ಚಿಕ್ಕದು. ದುಡ್ಡು ಹಾಕುವ ಮೊದಲು ವಿಶ್ವಸಂಸ್ಥೆಯ ಯುಎನ್ ಸಿಸಿ ಲರ್ನ್ ತಾಣದಲ್ಲಿರುವ ಉಚಿತ ಕೋರ್ಸುಗಳನ್ನು ಒಂದೆರಡು ವಾರ ನೋಡಿ. ಕನಿಷ್ಠ ಪದಗಳ ಪರಿಚಯ ಆಗುತ್ತದೆ. ತರಬೇತಿಯ ಮೊದಲ ದಿನ ಪದ ಕಲಿಯುವುದರಲ್ಲೇ ಕಳೆದುಹೋದರೆ 85 ಸಾವಿರದಲ್ಲಿ ಮೂರನೇ ಒಂದು ಭಾಗ ಹೋದ ಹಾಗೆ.

ಜಾಲಿಮರ:

ದುರ್ಗದವರೇ, ನಿಮ್ಮ ಮಾವ ಹೇಳಿದ್ದು ಪೂರ್ತಿ ಸರಿ. ಅಲ್ಲಿಂದಲೇ ಶುರು ಮಾಡುತ್ತೇನೆ. ಯಾಕೆಂದರೆ ಆ ಬಾರದ ಹೊಗೆಯನ್ನು ಅಳೆಯುವುದೇ ನನ್ನ ಮೊದಲ ಕೆಲಸವಾಗಿತ್ತು.

2009ರಲ್ಲಿ ನಾನು ಒಂದು ಪರಿಶೀಲನಾ ಸಂಸ್ಥೆಗೆ ಸೇರಿದೆ. ಆಗ ಕ್ಯೋಟೋ ಒಪ್ಪಂದದ ಸಿಡಿಎಂ ಕಾಲ. ಒಪ್ಪಂದ ಆದದ್ದು 1997ರಲ್ಲಿ, ಜಾರಿಗೆ ಬಂದದ್ದು 2005ರಲ್ಲಿ. ಶ್ರೀಮಂತ ದೇಶಗಳಿಗೆ ಹೊಗೆ ಇಳಿಸುವ ಗುರಿ ಇತ್ತು. ತಮ್ಮಲ್ಲಿ ಇಳಿಸುವುದು ದುಬಾರಿ ಅನ್ನಿಸಿದರೆ ನಮ್ಮಂಥ ದೇಶದಲ್ಲಿ ಇಳಿಸಿದ್ದನ್ನು ಕೊಂಡು ತಮ್ಮ ಲೆಕ್ಕಕ್ಕೆ ಹಾಕಿಕೊಳ್ಳಬಹುದಿತ್ತು. ಈ ವ್ಯವಸ್ಥೆಯೇ ಸಿಡಿಎಂ. ಒಂದು ಟನ್ನಿಗೆ ಒಂದು ಕ್ರೆಡಿಟ್. ಮುಖ್ಯ ಷರತ್ತು ಇದು: ಆ ಹಣ ಬರದಿದ್ದರೆ ಈ ಯೋಜನೆ ಆಗುತ್ತಲೇ ಇರಲಿಲ್ಲ ಅಂತ ತೋರಿಸಬೇಕು. ಇದಕ್ಕೆ ಅಡಿಷನಾಲಿಟಿ ಅನ್ನುತ್ತಾರೆ. ಇಡೀ ಮಾರುಕಟ್ಟೆ ನಿಂತಿರುವುದು ಈ ಒಂದು ಮಾತಿನ ಮೇಲೆ.

ನಾನು ಪರಿಶೀಲಿಸಿದ ಒಂದು ಗಾಳಿಯಂತ್ರದ ಯೋಜನೆಯಲ್ಲಿ ಕಂಪನಿಯವರು ಒಂದು ಎಕ್ಸೆಲ್ ಹಾಳೆ ಕೊಟ್ಟರು. ಕಾರ್ಬನ್ ಹಣ ಇಲ್ಲದಿದ್ದರೆ ಲಾಭದ ದರ ಶೇಕಡಾ 9, ಹೂಡಿಕೆಗೆ ಬೇಕಾದದ್ದು ಶೇಕಡಾ 13, ಹಾಗಾಗಿ ಕಾರ್ಬನ್ ಹಣ ಬೇಕೇ ಬೇಕು ಅಂತ ಅದರಲ್ಲಿತ್ತು. ಕಡತದ ಕೆಳಗೆ ಬ್ಯಾಂಕಿಗೆ ಸಲ್ಲಿಸಿದ ಸಾಲದ ಅರ್ಜಿಯ ನಕಲೂ ಇತ್ತು. ನಮಗೆ ಕೊಟ್ಟ ಹಾಳೆಯಲ್ಲಿ ಯಂತ್ರ ತನ್ನ ಸಾಮರ್ಥ್ಯದ ಶೇಕಡಾ 22ರಷ್ಟು ಕರೆಂಟು ಕೊಡುತ್ತದೆ ಅಂತ ಬರೆದಿದ್ದರು. ಬ್ಯಾಂಕಿಗೆ ಬರೆದದ್ದು 27. ಅದೇ ಬೆಟ್ಟ, ಅದೇ ಗಾಳಿ. ಬ್ಯಾಂಕಿಗೆ ಸಾಲ ತೀರುತ್ತದೆ ಅಂತ ತೋರಿಸಬೇಕಿತ್ತು, ನಮಗೆ ಯೋಜನೆ ನಷ್ಟ ಅಂತ ತೋರಿಸಬೇಕಿತ್ತು. ನಾನು ಅದನ್ನು ಬರೆದು ಮೇಲಿನವರಿಗೆ ಕೊಟ್ಟೆ. ಚರ್ಚೆ ತಿಂಗಳುಗಟ್ಟಲೆ ನಡೆಯಿತು. ಆ ಎರಡು ಅಂಕಿ ಇವತ್ತಿಗೂ ನನ್ನ ತಲೆಯಲ್ಲಿವೆ. ನೀವು ಬಾಂಡ್ ನೋಡುವವರು, ಬ್ಯಾಂಕಿನ ಹಾಳೆ ನಿಮ್ಮ ಕೈಗೂ ಬರುತ್ತದೆ ಅಲ್ವಾ? ಹಾಗಾಗಿ ಈ ಹೋಲಿಕೆ ಮಾಡುವ ಅವಕಾಶ ನಿಮಗೆ ಬೇರೆಯವರಿಗಿಂತ ಜಾಸ್ತಿ.

ಎಲ್ಲ ಯೋಜನೆಯೂ ಹಾಗಿರಲಿಲ್ಲ. ಬಾಗೇಪಲ್ಲಿಯ ಗೋಬರ್ ಗ್ಯಾಸ್ ಯೋಜನೆ 2005ರಲ್ಲಿ ಸಿಡಿಎಂನಲ್ಲಿ ನೋಂದಣಿ ಆಯಿತು. ಮನೆ ಹಿತ್ತಿಲಲ್ಲಿ 2 ಘನ ಮೀಟರಿನ ಘಟಕ, ಒಟ್ಟು 5,500 ಮನೆಗೆ. ಕಾರ್ಬನ್ ಹಣ ಇಲ್ಲದೆ ಆ ಕುಟುಂಬಗಳು ಅದನ್ನು ಕಟ್ಟಿಸುವುದು ಸಾಧ್ಯವಿರಲಿಲ್ಲ ಅನ್ನುವುದಕ್ಕೆ ಎಕ್ಸೆಲ್ ಬೇಕಿಲ್ಲ, ಮನೆ ನೋಡಿದರೆ ಸಾಕು.

ಹಾಗಂತ ಸೌದೆ ಉಳಿಸುವ ಒಲೆಯ ಯೋಜನೆಗಳ ಲೆಕ್ಕ ಸುಲಭವೂ ಅಲ್ಲ. ಬಯಲುಸೀಮೆಯ ಇನ್ನೊಂದು ಯೋಜನೆಗೆ ನಾನು ಮನೆಮನೆ ತಿರುಗಿದೆ. ಸೌದೆ ಉಳಿತಾಯ ಆಯಿತು, ಅಷ್ಟು ಕಾಡು ಉಳಿಯಿತು, ಇಷ್ಟು ಟನ್ ಕ್ರೆಡಿಟ್ ಕೊಡಿ ಅನ್ನುವುದು ಅವರ ಲೆಕ್ಕ. ಒಂದು ಮನೆಯಲ್ಲಿ ಅಜ್ಜಿ ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಸೌದೆ ರಾಶಿ ತೋರಿಸಿದರು. ಪೂರ್ತಿ ಬಳ್ಳಾರಿ ಜಾಲಿ. "ಇದನ್ನ ಎಷ್ಟು ಕಡಿದ್ರೂ ಮುಂದಿನ ಮಳೆಗೆ ಮತ್ತೆ ಬರ್ತದೆ ಮಗಾ, ಹೊಲ ಉಳಿಸಿಕೊಳ್ಳೋದೇ ಕಷ್ಟ ಆಗೈತೆ" ಅಂದರು. ಮತ್ತೆ ಚಿಗುರುವ ಮರವನ್ನು ಸುಟ್ಟರೆ ಆ ಕಾರ್ಬನ್ ಮತ್ತೆ ಮರಕ್ಕೇ ಹೋಗುತ್ತದೆ. ಅದನ್ನು ಉಳಿಸಿದ್ದಕ್ಕೆ ಕ್ರೆಡಿಟ್ ಕೊಡುವಂತಿಲ್ಲ. ಸೌದೆಯಲ್ಲಿ ಎಷ್ಟು ಪಾಲು ಮತ್ತೆ ಬೆಳೆಯದ ಮರದ್ದು ಅನ್ನುವ ಒಂದು ಅಂಕಿ ಇರುತ್ತದೆ. ಒಲೆಯ ಕ್ರೆಡಿಟ್‌ಗಳಲ್ಲಿ ಜಾಸ್ತಿ ಉಬ್ಬಿಸುವುದು ಇದನ್ನೇ. ನನ್ನ ಹೆಸರು ಅಲ್ಲಿಂದ ಬಂದದ್ದು.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ತರಬೇತಿ ಒಳ್ಳೆಯದಾ ಅಂತ ತಿಳಿಯಲು ಒಂದು ಪ್ರಶ್ನೆ ಸಾಕು. ಮೂರು ದಿನದಲ್ಲಿ ಒಂದಾದರೂ ನಿಜವಾದ ಯೋಜನೆಯ ಕಡತವನ್ನು ನಿಮ್ಮ ಕೈಗೆ ಕೊಟ್ಟು, ಇದರಲ್ಲಿ ತಪ್ಪು ಎಲ್ಲಿದೆ ಹುಡುಕಿ ಅನ್ನುತ್ತಾರಾ? ಅನ್ನುವುದಾದರೆ ಹೋಗಿ. ಬರೀ ಸ್ಲೈಡು ತೋರಿಸುತ್ತಾರೆ ಅಂದರೆ ಹೋಗಬೇಡಿ. ಹೂಡಿಕೆದಾರ ಕಲಿಯಬೇಕಾದದ್ದು ಕಡತ ಓದುವುದನ್ನು. ಉಳಿದದ್ದನ್ನು ಮನೆಯಲ್ಲಿ ಕೂತು ಓದಿಕೊಳ್ಳಬಹುದು.

ನಿಮ್ಮ ಊರಿನ ಗಾಳಿಯಂತ್ರದ ಮುಂದಿನ ಕತೆಯೂ ನಿಮಗೆ ಬೇಕು. 2008ರಲ್ಲಿ ಸಿಡಿಎಂ ಕ್ರೆಡಿಟ್ ಬೆಲೆ ಟನ್ನಿಗೆ 20 ಯೂರೋ ದಾಟಿತ್ತು. 2012ರ ಕೊನೆಗೆ ಒಂದು ಯೂರೋಗಿಂತ ಕೆಳಗೆ ಬಿತ್ತು. ಯುರೋಪಿನಲ್ಲಿ ಹಿಂಜರಿತ ಬಂತು, ಕ್ರೆಡಿಟ್ ಬೇಕಾದದ್ದಕ್ಕಿಂತ ಹೆಚ್ಚಾಯಿತು, 2013ರಿಂದ ಹೊಸ ಯೋಜನೆಗಳಾದರೆ ತೀರಾ ಬಡ ದೇಶಗಳದ್ದು ಮಾತ್ರ ಸಾಕು ಅಂತ ಯುರೋಪು ತೀರ್ಮಾನಿಸಿತು. ಕ್ರೆಡಿಟ್ ನಂಬಿ ಸಾಲ ಮಾಡಿದವರು ಕೈ ಸುಟ್ಟುಕೊಂಡರು. ಆಮೇಲೆ ಸ್ವಯಂಪ್ರೇರಿತ ಮಾರುಕಟ್ಟೆಯೂ, ಅಂದರೆ ಕಾನೂನಿನ ಒತ್ತಾಯ ಇಲ್ಲದೆ ಕಂಪನಿಗಳು ತಾವಾಗಿ ಕ್ರೆಡಿಟ್ ಕೊಳ್ಳುವ ಜಾಗವೂ, ಗಾಳಿ, ಸೌರದ ಕಡೆ ಬಾಗಿಲು ಮುಚ್ಚತೊಡಗಿತು. 2024ರ ಆಗಸ್ಟಿನಲ್ಲಿ ಐಸಿವಿಸಿಎಂ ಅನ್ನುವ ಗುಣಮಟ್ಟ ಮಂಡಳಿ, ಈಗಿರುವ ವಿಧಾನಗಳಲ್ಲಿ ಹುಟ್ಟಿದ ನವೀಕರಿಸಬಹುದಾದ ವಿದ್ಯುತ್ತಿನ ಕ್ರೆಡಿಟ್‌ಗಳಿಗೆ ತನ್ನ ಮುದ್ರೆ ಕೊಡುವುದಿಲ್ಲ ಅಂದಿತು. ಆ ಮಾರುಕಟ್ಟೆಯ ಸುಮಾರು ಮೂರನೇ ಒಂದು ಭಾಗ ಅದು. ಕಾರಣ ಅಡಿಷನಾಲಿಟಿಯೇ. ಕಂಪನಿಯೊಂದು ಇಂಥ ಹಳೆಯ ಕ್ರೆಡಿಟ್ ಅಗ್ಗಕ್ಕೆ ಕೊಂಡು ನಾವು ಕಾರ್ಬನ್ ನ್ಯೂಟ್ರಲ್ ಅಂದರೆ ನಿಮ್ಮ ಕಿವಿ ನೆಟ್ಟಗಾಗಬೇಕು.

ನಿಮ್ಮ ಕೆಲಸಕ್ಕೆ ನೇರವಾಗಿ ತಾಗುವುದು ಬೇರೆ ಇದೆ. ಸಿಮೆಂಟ್ ನಿಮ್ಮದೇ ಅಲ್ವಾ? ನಮ್ಮ ದೇಶದ ಕಾರ್ಬನ್ ಕ್ರೆಡಿಟ್ ವಹಿವಾಟಿನ ಯೋಜನೆ, ಅಂದರೆ ಸಿಸಿಟಿಎಸ್, ಈಗ ಜಾರಿಯಲ್ಲಿದೆ. 2022ರಲ್ಲಿ ಇಂಧನ ಸಂರಕ್ಷಣಾ ಕಾಯ್ದೆ ತಿದ್ದಿದರು, 2023ರಲ್ಲಿ ಯೋಜನೆ ಪ್ರಕಟಿಸಿದರು, 2025ರ ಅಕ್ಟೋಬರಿನಲ್ಲಿ ಸಿಮೆಂಟ್, ಅಲ್ಯೂಮಿನಿಯಂ, ಕಾಗದ, ಕ್ಲೋರ್ ಆಲ್ಕಲಿ (ಕಾಸ್ಟಿಕ್ ಸೋಡಾ, ಕ್ಲೋರಿನ್) ಘಟಕಗಳಿಗೆ ಗುರಿ ಕೊಟ್ಟರು. ಒಟ್ಟು 282 ಘಟಕ. ಹೋಲಿಕೆಗೆ 2023-24ನೇ ವರ್ಷ. ಇಲ್ಲಿ ಒಟ್ಟು ಹೊಗೆಗೆ ಮಿತಿ ಇಲ್ಲ, ಒಂದು ಟನ್ ಸರಕಿಗೆ ಎಷ್ಟು ಹೊಗೆ ಅನ್ನುವುದಕ್ಕೆ ಮಿತಿ. ಯುರೋಪಿನ ಪದ್ಧತಿಗೂ ನಮ್ಮದಕ್ಕೂ ದೊಡ್ಡ ವ್ಯತ್ಯಾಸ ಇದು. ಇದನ್ನು ತರಬೇತಿಯಲ್ಲಿ ಬಿಡಿಸಿ ಹೇಳದಿದ್ದರೆ ಎದ್ದು ಕೇಳಿ.

ಲೆಕ್ಕ ಹೀಗೆ ಹಾಕಿ. ಊಹೆಯ ಅಂಕಿಗಳು, ರೀತಿ ಮಾತ್ರ ನೋಡಿ. ಘಟಕದ ಗುರಿ ಒಂದು ಟನ್ ಸಿಮೆಂಟಿಗೆ 0.60 ಟನ್ ಹೊಗೆ. ನಿಜವಾಗಿ ಆದದ್ದು 0.62. ವರ್ಷಕ್ಕೆ 50 ಲಕ್ಷ ಟನ್ ಸಿಮೆಂಟ್ ಅಂದರೆ 1 ಲಕ್ಷ ಕ್ರೆಡಿಟ್ ಕೊರತೆ. ಕ್ರೆಡಿಟ್ 800 ರೂಪಾಯಿ ಆದರೆ 8 ಕೋಟಿ. ಕೊಳ್ಳದೆ ಸುಮ್ನೆ ಕೂತರೆ ಸರಾಸರಿ ಬೆಲೆಯ ಎರಡರಷ್ಟು ಪರಿಹಾರ ಕಟ್ಟಬೇಕು, ಅಂದರೆ 16 ಕೋಟಿ. ದೊಡ್ಡ ಕಂಪನಿಗೆ ಇದು ಏನೂ ಅಲ್ಲ. ಸಾಲದಲ್ಲಿ ಮುಳುಗಿದ ಸಣ್ಣ ಕಂಪನಿಗೆ ಇದೇ ಬಡ್ಡಿ ಕಟ್ಟುವ ಶಕ್ತಿಯನ್ನು ತಿನ್ನಬಹುದು. ಯಾವ ಕಂಪನಿಗೆ ಎಷ್ಟು ತಾಗುತ್ತದೆ ಅಂತ ಹೇಳುವವರು ನೀವೇ.

ಸಿಂಗಪುರದಿಂದ:

ಜಾಲಿಮರ ಮೇಡಂ ಬರೆದದ್ದನ್ನು ಎರಡು ಸಲ ಓದಿದೆ. ನಾನು ಶಿವಮೊಗ್ಗದವನು, ಇಲ್ಲಿ ಒಂದು ಹೂಡಿಕೆ ಸಂಸ್ಥೆಯಲ್ಲಿದ್ದೇನೆ. ಇಂಥದೇ ತರಬೇತಿಗೆ ಹೋಗಿ ಬಂದೆ. ನನಗೆ ಉಪಯೋಗ ಆದದ್ದು ಪ್ಯಾರಿಸ್ ಒಪ್ಪಂದದ 6ನೇ ವಿಧಿಯ, ಅಂದರೆ ದೇಶಗಳ ನಡುವೆ ಕ್ರೆಡಿಟ್ ಮಾರುವ ನಿಯಮದ, ಅರ್ಧ ದಿನದ ಪಾಠ. ಯಾಕೆಂದರೆ ನಮಗೆ ಒಂದು ನಿಜವಾದ ವ್ಯವಹಾರ ತೋರಿಸಿದರು.

ಬ್ಯಾಂಕಾಕ್‌ನಲ್ಲಿ ವಿದ್ಯುತ್ ಬಸ್ಸು ಓಡಿಸುತ್ತಾರೆ. ಅದರಿಂದ ಉಳಿದ 1,916 ಟನ್ ಅನ್ನು ಸ್ವಿಟ್ಜರ್‌ಲ್ಯಾಂಡಿನ ಕ್ಲಿಕ್ ಫೌಂಡೇಷನ್ ಕೊಂಡಿತು. 6ನೇ ವಿಧಿಯಡಿ ಸ್ವಿಟ್ಜರ್‌ಲ್ಯಾಂಡಿನ ಗುರಿಗಾಗಿ ಒಂದು ದೇಶದಿಂದ ಇನ್ನೊಂದಕ್ಕೆ ಹೋದ ಮೊದಲ ಕ್ರೆಡಿಟ್‌ಗಳು ಅವು. ಸ್ವಿಸ್ಸರು ತಮ್ಮ ಲೆಕ್ಕಕ್ಕೆ ಸೇರಿಸಿಕೊಂಡರು, ಥಾಯ್ಲೆಂಡ್ ಅಷ್ಟೇ ಟನ್ ಅನ್ನು ತನ್ನ ಲೆಕ್ಕಕ್ಕೆ ವಾಪಸ್ ಕೂಡಿಸಿಕೊಳ್ಳಬೇಕು. ಮಾರಿದ ಹಸುವಿನ ಹಾಲನ್ನು ಡೈರಿಗೆ ಇಬ್ಬರೂ ಹಾಕಲು ಆಗುತ್ತಾ? ಹಾಗೆ. ಕ್ಯೋಟೋ ಕಾಲದಲ್ಲಿ ಮಾರುವ ದೇಶಕ್ಕೆ ಗುರಿಯೇ ಇರಲಿಲ್ಲ, ಹಾಗಾಗಿ ಈ ಪ್ರಶ್ನೆ ಏಳಲಿಲ್ಲ. ಈಗ ಎಲ್ಲ ದೇಶಕ್ಕೂ ಗುರಿ ಇದೆ. ನಿಯಮಗಳು 2021ರಲ್ಲಿ ಗ್ಲಾಸ್ಗೋದಲ್ಲಿ ಶುರುವಾಗಿ 2024ರ ನವೆಂಬರಿನಲ್ಲಿ ಬಾಕುವಿನಲ್ಲಿ ಒಂದು ಹಂತಕ್ಕೆ ಬಂದವು.

ಇಲ್ಲಿ ಸಿಂಗಪುರದಲ್ಲಿ ಇದಕ್ಕೆ ನೇರ ಬೆಲೆ ಇದೆ. ಕಾರ್ಬನ್ ತೆರಿಗೆ 2024ರಲ್ಲಿ ಟನ್ನಿಗೆ 25 ಸಿಂಗಪುರ ಡಾಲರ್ ಇತ್ತು, 2026ಕ್ಕೆ 45 ಆಯಿತು. ಕಂಪನಿ ತೆರಿಗೆ ಕಟ್ಟಬೇಕಾದ ಹೊಗೆಯಲ್ಲಿ ಶೇಕಡಾ 5ರವರೆಗೆ ಹೊರದೇಶದ ಕ್ರೆಡಿಟ್ ಕೊಟ್ಟು ತೀರಿಸಬಹುದು. ಆದರೆ ಆ ದೇಶ ತನ್ನ ಲೆಕ್ಕ ತಿದ್ದಿಕೊಂಡಿರಬೇಕು. ಹಾಗಾಗಿ ಈಗ ಕ್ರೆಡಿಟ್ ಕೊಳ್ಳುವವರು ಮೊದಲು ಕೇಳುವುದೇ, ಸರ್ಕಾರದ ಒಪ್ಪಿಗೆ ಪತ್ರ ಇದೆಯಾ ಅಂತ.

ನೆಟ್ ಝೀರೋ ಬಗ್ಗೆ ಒಂದು ಎಚ್ಚರಿಕೆ. ಹೂಡಿಕೆ ಸಂಸ್ಥೆಗಳ ಒಕ್ಕೂಟಗಳ ಹೆಸರನ್ನು ಪಟ್ಟಿ ಮಾಡಿ ಕಲಿಸುವ ತರಬೇತಿ ಹಳತಾಗಿದೆ. ಹಣ ನಿರ್ವಹಿಸುವ ಸಂಸ್ಥೆಗಳ ಎನ್‌ಝಡ್‌ಎಎಂ ಒಕ್ಕೂಟ 2025ರ ಜನವರಿಯಲ್ಲಿ ತನ್ನ ಕೆಲಸವನ್ನೇ ತಡೆಹಿಡಿಯಿತು, ಆಮೇಲೆ ತನ್ನ ಬದ್ಧತೆಯ ಮಾತನ್ನೇ ಬದಲಿಸಿಕೊಂಡಿತು. ಬ್ಯಾಂಕುಗಳ ಒಕ್ಕೂಟ ಅದೇ ವರ್ಷದ ಅಕ್ಟೋಬರಿನಲ್ಲಿ ಮುಚ್ಚಿತು. ಕೊಟ್ಟ ಕಾಗದದಲ್ಲಿ ಅವು ಇನ್ನೂ ಮೊದಲಿನ ಹಾಗೇ ನಡೆಯುತ್ತಿವೆ ಅಂತ ಇದ್ದರೆ ಪಾಠವನ್ನು ಯಾರೂ ತಿದ್ದಿಲ್ಲ ಅಂತ ತಿಳಿಯಿರಿ.

ದುರ್ಗದವನು:

ಇಷ್ಟು ಬಿಡಿಸಿ ಬರೆದ ಇಬ್ಬರಿಗೂ ತುಂಬಾ ಧನ್ಯವಾದ. ತರಬೇತಿಯವರಿಗೆ ಇವತ್ತೇ ಮೇಲ್ ಹಾಕಿದೆ. ಯೋಜನೆಯ ಕಡತ ಓದಿಸುತ್ತೀರಾ, ಸಿಸಿಟಿಎಸ್ ಲೆಕ್ಕ ಇದೆಯಾ ಅಂತ ಎರಡೇ ಪ್ರಶ್ನೆ.

ಮೇಡಂ, ಆ 11 ಪ್ರಶ್ನೆಗಳಲ್ಲಿ ಒಂದನ್ನು ಕೇಳುತ್ತೇನೆ. ನಾವು ಒಂದು ಸಿಮೆಂಟ್ ಕಂಪನಿಯ 200 ಕೋಟಿ ಬಾಂಡ್ ಇಟ್ಟುಕೊಂಡಿದ್ದೇವೆ. ಅದರ ಹೊಗೆಯಲ್ಲಿ ನಮ್ಮ ಪಾಲು ಎಷ್ಟು ಅಂತ ಲೆಕ್ಕ ಹಾಕುವುದು ಹೇಗೆ? ಆ ಕಂಪನಿ ಕ್ರೆಡಿಟ್ ಕೊಂಡಿದ್ದರೆ ಅದನ್ನು ಕಳೆಯಬಹುದಾ?

ಜಾಲಿಮರ:

ಕಳೆಯುವಂತಿಲ್ಲ. ಹಣ ಹಾಕಿದವರ ಪಾಲಿನ ಹೊಗೆ ಲೆಕ್ಕ ಹಾಕುವ ಪಿಸಿಎಎಫ್ ಪದ್ಧತಿಯಲ್ಲಿ ಮೊದಲು ಕಂಪನಿಯ ಪೂರ್ತಿ ಹೊಗೆ ತೋರಿಸಬೇಕು. ಕೊಂಡ ಕ್ರೆಡಿಟ್ ಇದ್ದರೆ ಬೇರೆ ಸಾಲಿನಲ್ಲಿ ಬರೆಯಬೇಕು. ಕಂಪನಿಗಳ ಗುರಿಗಳನ್ನು ಪರೀಕ್ಷಿಸುವ ಎಸ್‌ಬಿಟಿಐ ಸಂಸ್ಥೆಯ ನೆಟ್ ಝೀರೋ ಮಾನದಂಡವೂ ಹಾಗೇ ಯೋಚಿಸುತ್ತದೆ. ಬಹುತೇಕ ವಲಯಗಳಲ್ಲಿ ಸುಮಾರು ಶೇಕಡಾ 90ರಷ್ಟು ಹೊಗೆಯನ್ನು ಕಂಪನಿ ತಾನೇ ಇಳಿಸಬೇಕು. ಕೊನೆಗೆ ಉಳಿದದ್ದಕ್ಕೆ ಮಾತ್ರ ಗಾಳಿಯಿಂದ ಕಾರ್ಬನ್ ತೆಗೆದು ಸರಿದೂಗಿಸುವ ಮಾತು.

ಪಾಲಿನ ಲೆಕ್ಕ ಸರಳ. ನಿಮ್ಮ 200 ಕೋಟಿಯನ್ನು ಕಂಪನಿಯ ಒಟ್ಟು ಮೌಲ್ಯದಿಂದ ಭಾಗಿಸಿ. ಒಟ್ಟು ಮೌಲ್ಯ ಅಂದರೆ ಷೇರುಗಳ ಮಾರುಕಟ್ಟೆ ಬೆಲೆ ಮತ್ತು ಸಾಲ ಎರಡೂ ಸೇರಿ, ಕೈಯಲ್ಲಿರುವ ನಗದನ್ನು ಕಳೆಯದೆ. ಅದು 20,000 ಕೋಟಿ ಇದ್ದರೆ ನಿಮ್ಮ ಪಾಲು ಶೇಕಡಾ 1. ಕಂಪನಿ 50 ಲಕ್ಷ ಟನ್ ಬಿಟ್ಟರೆ ನಿಮ್ಮದು 50 ಸಾವಿರ ಟನ್.

ಈಗ ಇದನ್ನು ನೋಡಿ. ಮುಂದಿನ ವರ್ಷ ಷೇರು ಬೆಲೆ ಏರಿ ಒಟ್ಟು ಮೌಲ್ಯ 25,000 ಕೋಟಿ ಆಯಿತು. ನಿಮ್ಮ ಬಾಂಡ್ ಅದೇ 200 ಕೋಟಿ. ಪಾಲು 0.8ಕ್ಕೆ ಇಳಿಯಿತು, ಟನ್ 40 ಸಾವಿರಕ್ಕೆ ಇಳಿಯಿತು. ಚಿಮಣಿಯಿಂದ ಹೊಗೆ ಒಂದು ಗ್ರಾಂ ಕಡಿಮೆ ಆಗಿಲ್ಲ. ಆದರೂ ವರದಿಯಲ್ಲಿ ಶೇಕಡಾ 20 ಇಳಿಕೆ ಕಾಣುತ್ತದೆ. ನಿಮ್ಮ ಪೆನ್ಷನ್ ಸಂಸ್ಥೆಗೆ ಇಳಿಕೆ ತೋರಿಸುವಾಗ ಎಷ್ಟು ಚಿಮಣಿಯಿಂದ, ಎಷ್ಟು ಷೇರು ಬೆಲೆಯಿಂದ ಅಂತ ಬೇರೆ ಮಾಡಿ ಬರೆಯಿರಿ. ಅವರಾಗಿ ಕೇಳದಿದ್ದರೂ ಬರೆಯಿರಿ. ನಂಬಿಕೆ ಬೆಳೆಯುವುದು ಅಲ್ಲಿ.

ಕಂಪನಿಯ ಹೊಗೆಯ ಅಂಕಿಗೆ ಅವರ ಬಿಆರ್‌ಎಸ್‌ಆರ್, ಅಂದರೆ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿಯಲ್ಲಿ, ಪರಿಸರದ 6ನೇ ತತ್ವದ ಭಾಗ ತೆರೆಯಿರಿ. ಸೆಬಿ ಮೊದಲ 1,000 ಲಿಸ್ಟೆಡ್ ಕಂಪನಿಗಳಿಗೆ 2022-23ರಿಂದ ಕಡ್ಡಾಯ ಮಾಡಿದೆ. ಕಾರ್ಖಾನೆಯ ಹೊಗೆ, ಕೊಂಡ ಕರೆಂಟಿನ ಹೊಗೆ ಎರಡೂ ಅಲ್ಲಿ ಸಿಗುತ್ತವೆ.

ಇನ್ನೊಂದು ಕೆಲಸ ಹೇಳುತ್ತೇನೆ, ತರಬೇತಿಗೆ ಹೋಗುವ ಮೊದಲೇ ಮಾಡಿ. ವಿಶ್ವಸಂಸ್ಥೆಯ ಸಿಡಿಎಂ ತಾಣದಲ್ಲಿ ಹಳೆಯ ಯೋಜನೆಗಳ ಕಡತ ಎಲ್ಲರಿಗೂ ತೆರೆದಿದೆ. ಹುಡುಕುವ ಜಾಗದಲ್ಲಿ ನಿಮ್ಮ ಜಿಲ್ಲೆಯ ಹೆಸರು ಹಾಕಿ. ಯಂತ್ರ ಯಾವ ಊರಲ್ಲಿದೆ, ಎಷ್ಟು ಕರೆಂಟು ಬರುತ್ತದೆ ಅಂದುಕೊಂಡಿದ್ದರು, ಯಾವ ದೇಶದವರು ಪಾಲುದಾರರು ಅಂತ ಬರೆದಿರುತ್ತದೆ.

ದುರ್ಗದವನು:

ತರಬೇತಿಯವರ ಉತ್ತರ ಬಂತು. ಎರಡನೇ ದಿನ ಮಧ್ಯಾಹ್ನ ಪೂರ್ತಿ ಒಂದು ಯೋಜನೆಯ ಕಡತ ಓದಿಸುತ್ತಾರಂತೆ. ಸಿಸಿಟಿಎಸ್ ಲೆಕ್ಕ ಇರಲಿಲ್ಲ, ಮೂರನೇ ದಿನಕ್ಕೆ ಸೇರಿಸುತ್ತೇವೆ ಅಂದರು. ಹೆಸರು ಕೊಟ್ಟಿದ್ದೇನೆ.

ನಿನ್ನೆ ರಾತ್ರಿ ಆ ತಾಣದಲ್ಲಿ ಹುಡುಕಿದೆ. ನಮ್ಮ ಕಡೆಯ ಒಂದು ಯೋಜನೆಯ ಕಡತ ಸಿಕ್ಕಿತು. ಪಟ್ಟಿಯಲ್ಲಿದ್ದ ಊರಿನ ಹೆಸರು ನೋಡಿ ಮಾವನಿಗೆ ಫೋನ್ ಮಾಡಿದೆ. ಅವರ ಹೊಲದಿಂದ ಆ ಯಂತ್ರಗಳು ಕಾಣುತ್ತವಂತೆ. ಬಾರದ ಹೊಗೆ ಕೊಂಡವರ ದೇಶ ಯಾವುದು ಅಂತ ಗೊತ್ತಾಯಿತು ಅಂದೆ, ಒಂದು ನಿಮಿಷ ಸುಮ್ಮನಿದ್ದು "ಪ್ರಿಂಟ್ ತೆಗೆಸಿಕೊಂಡು ಬಾ" ಅಂದರು. ಭಾನುವಾರ ಹೋಗುತ್ತಿದ್ದೇನೆ.